ಅಕ್ಕನನ್ನು ದಾಟಿದ ವಿಡಿಯೊ

ಪ್ರತಿ ಶನಿವಾರ ಸಂಜೆ ಡೈರಿಯಲ್ಲಿ ಎರಡು ಅಂಕಿ ಬರೆಯುತ್ತಿದ್ದೆ. ಮೇಲಿನದು ನನ್ನ ಚಾನೆಲ್‌ನ ಹಾಡುಗಳನ್ನು ಎಷ್ಟು ಜನ ನೋಡಿದರು ಎಂಬುದು, ಕೆಳಗಿನದು ಅಕ್ಕನದು, ಅಂದರೆ ದೊಡ್ಡಪ್ಪನ ಮಗಳದು. ಕೆಳಗಿನದೇ ಯಾವಾಗಲೂ ದೊಡ್ಡದು. ಇಬ್ಬರೂ ಶಿಡ್ಲಘಟ್ಟದ ಒಂದೇ ಚರ್ಚಿನಲ್ಲಿ ಹಾಡುವವರು, ದಿಬ್ಬೂರಹಳ್ಳಿ ಕಡೆಯ ಒಂದೇ ಬೀದಿಯವರು, ಎರಡು ಮನೆಯಲ್ಲೂ ರೇಷ್ಮೆಹುಳು. ಹಾಡುವಾಗ ಶ್ರುತಿ ಸರಿಯಿದ್ದದ್ದು ನನ್ನದೇ. ಜನ ಮಾತ್ರ ಅವಳನ್ನೇ ಕೇಳುತ್ತಿದ್ದರು.

ಈ ವರ್ಷ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಚರ್ಚಿನ ಪಾದ್ರಿ ಅಯ್ಯನವರು ಪ್ರಸಂಗದ ನಡುವೆ ಕೇಳಿದರು: ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಪ್ರಾರ್ಥನೆಗೂ ಮೊದಲು, ಯಾವುದರ ಮುಖ ನೋಡುತ್ತೀರಿ? ಅದೇ ನಿಮ್ಮ ವಿಗ್ರಹ. ಆರಾಧನೆ ಮುಗಿದ ಮೇಲೆ ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಲೇ ತನ್ನ ಚಾನೆಲ್ ಅಳಿಸಿಬಿಟ್ಟಳು.

"ಎಲ್ಲಾ ಹೋಯ್ತಾ?" ಎಂದೆ.

"ಹೋಯ್ತು ಕಣೇ. ಬಸ್ಸು ಬಂತು, ನಡಿ."

ನನಗೆ ಖುಷಿಯಾಗಬೇಕಿತ್ತು. ಆದರೆ ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು, ನಾನು ಆ ನಿದ್ದೆ ನೋಡಿಯೇ ಉರಿದುಕೊಂಡೆ. ಅವಳ ಕೊನೆಯ ಅಂಕಿಯನ್ನಾದರೂ ದಾಟಲೇಬೇಕೆಂದು ಹಟ ಹಿಡಿದೆ.

ಆಗ ನಮ್ಮ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಕೊಡಬೇಕು, ಅಲ್ಲಿಯವರೆಗೆ ಕಾಯಬೇಕು. ನನಗೋ, ಹುಳು ಸೊಪ್ಪು ಮೇಯುವ ಸದ್ದು ಹಾಡಿನ ಹಿನ್ನೆಲೆಗೆ ಬೇಕಿತ್ತು. ಅಮ್ಮ ತೋಟಕ್ಕೆ ಹೋದಾಗ, ಅರ್ಧದಷ್ಟು ಮಾತ್ರ ಎದ್ದಿದ್ದ ಒಂದು ತಟ್ಟೆಗೆ ಸೊಪ್ಪು ಹರಡಿ, ಫೋನ್ ಹಿಡಿದು ಹಾಡಿದೆ. ಮಂಗಳವಾರ ಹಾಕಿದ ವಿಡಿಯೊ ಶುಕ್ರವಾರ ಅಕ್ಕನನ್ನು ದಾಟಿತು.

ಶನಿವಾರ ಅಮ್ಮ ಆ ತಟ್ಟೆಯ ಮುಂದೆ ನಿಂತು ಕರೆದರು. ಮೊದಲು ಎದ್ದ ಹುಳುಗಳು ತಿಂದು ದಪ್ಪವಾಗಿದ್ದವು. ಉಳಿದವು ಸೊಪ್ಪಿನಡಿ ಸಿಕ್ಕಿ ಸೊರಗಿದ್ದವು.

"ಜ್ವರದಲ್ಲಿರೋ ಮಗೂಗೆ ಯಾರಾದ್ರೂ ಹೋಳಿಗೆ ತಿನ್ನಿಸ್ತಾರೇನಮ್ಮಾ? ಒಂದಿನ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?"

"ಅವಳು ತಡ್ಕೊಂಡ್ರೂ ಫೋನ್ ತಡ್ಕೊಳಲ್ಲ ಬಿಡಿ ಚಿಕ್ಕಮ್ಮ," ಎಂದು ನಕ್ಕಳು ಸೊಪ್ಪು ಹಾಕಲು ಬಂದಿದ್ದ ಅಕ್ಕ. ನಕ್ಕವಳೇ ಕೂತು, ಸೊರಗಿದ ಹುಳುಗಳನ್ನು ಒಂದೊಂದಾಗಿ ಎತ್ತಿ ಬೇರೆ ತಟ್ಟೆಗೆ ಬಿಡತೊಡಗಿದಳು. ನಾನೂ ಕೂತೆ.

"ಬದುಕ್ತಾವಾ?"

"ಗೊತ್ತಿಲ್ಲ ಕಣೇ. ಎಳೇ ಸೊಪ್ಪು ಹಾಕಣ. ಆಮೇಲೆ ದೇವರಿಗೆ ಬಿಡಣ."

"ಚಾನೆಲ್ ಹೋಯ್ತು ಅಂತ ನಿಂಗೆ ಸಂಕಟ ಆಗಲ್ವಾ?"

"ಆಗುತ್ತೆ. ಬೆಳಿಗ್ಗೆ ಎದ್ರೆ ಕೈ ತಾನಾಗೇ ಫೋನ್ ಹುಡುಕುತ್ತೆ. ಅದನ್ನೂ ಆತನಿಗೇ ಹೇಳ್ತೀನಿ."

ಅವಳಿಗೆ ಹೀಗೆ ಹೇಳಿಕೊಳ್ಳಲು ಒಬ್ಬನಿದ್ದಾನೆ ಎನ್ನುವುದು ಅವಳ ಎಲ್ಲ ಅಂಕಿಗಳಿಗಿಂತ ಹೆಚ್ಚು ಚುಚ್ಚಿತು. ನಾನೂ ಅದೇ ದೇವರಿಗೆ ಹಾಡುತ್ತಿದ್ದವಳು. ಹಾಡು ಮುಗಿದ ಮೇಲೆ ಆತನ ಹತ್ತಿರ ಒಂದು ಗಳಿಗೆ ನಿಂತವಳಲ್ಲ.

ಕೈ ತೊಳೆದು ಬಂದು ಫೋನ್ ಅವಳ ಮುಂದೆ ಹಿಡಿದೆ. "ನೀನೇ ಅಳಿಸು."

"ನಾನ್ಯಾಕೆ ಅಳಿಸ್ಲಿ? ನಿಂದು ನೀನೇ ಅಳಿಸು."

ಅವಳನ್ನು ದಾಟಿದ್ದು ಅದೊಂದೇ ವಿಡಿಯೊ. ಅದನ್ನೇ ಮೊದಲು ಅಳಿಸಿದೆ, ಆಮೇಲೆ ಉಳಿದದ್ದನ್ನು. ಮನಸ್ಸು ಹಗುರವಾಗಲಿಲ್ಲ. ಹುಳುಮನೆಯಲ್ಲೇ ಕಣ್ಣು ಮುಚ್ಚಿ ಬೇಡಿಕೊಂಡೆ: ಸ್ವಾಮಿ, ಇವಳ ಮೇಲೆ ನನಗಿನ್ನೂ ಹೊಟ್ಟೆಕಿಚ್ಚಿದೆ, ಅದನ್ನೂ ನಿನಗೇ ಒಪ್ಪಿಸುತ್ತಿದ್ದೇನೆ.

ಪಕ್ಕದಲ್ಲಿ ಅಕ್ಕ "ಆಮೆನ್" ಅಂದಳು. ನಾನು ಬಾಯಿಬಿಟ್ಟೇ ಹೇಳಿದ್ದೆನೆಂದು ಗೊತ್ತಾದದ್ದು ಆಗಲೇ.