ಕೊನೆಯ ಕಾಲು ಗಂಟೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ಒಂದು ಸಿನಿಮಾ ಚೆನ್ನಾಗಿತ್ತು ಅಂದರೆ ಸಾಕು, "ಡೈರೆಕ್ಟರ್ ಯಾರು?" ಎಂದು ಕೇಳಿಬಿಡುತ್ತೇನೆ. ಕೇಳುವಾಗ ತಲೆ ಸ್ವಲ್ಪ ಓರೆಯಾಗುತ್ತದೆ, ದನಿ ತಾನಾಗಿ ಇಳಿಯುತ್ತದೆ. ಎದುರಿಗಿರುವವರು ಪಾಪ, ಸಿನಿಮಾ ನೋಡಿ ಮನಸಾರೆ ಅತ್ತು ಬಂದಿರುತ್ತಾರೆ. ಡೈರೆಕ್ಟರ್ ಹೆಸರು ಅವರಿಗೇಕೆ ಗೊತ್ತಿರಬೇಕು? ಅವರು ಗೊತ್ತಿಲ್ಲವೆಂದು ತಲೆಯಾಡಿಸಿದಾಗ ನನಗೊಂದು ಸಣ್ಣ ಸಂತೋಷವಾಗುತ್ತದೆ. ನೀವು ನಮ್ಮವರು ಅಂತ ಹೇಳಿಕೊಂಡಿದ್ದೇನೆ, ಬೇರೆಯವರ ಕಿವಿಗೆ ಹಾಕಬೇಡಿ.

ನನ್ನ ಮನೆ ಸಿಂಧನೂರಿನಲ್ಲಿ, ಕಚೇರಿ ಲಿಂಗಸುಗೂರಿನಲ್ಲಿ. ಭೂಮಾಪನದ ಗುಮಾಸ್ತೆ ನಾನು. ದಿನಾ ಬೆಳಿಗ್ಗೆ ಒಂದೂವರೆ ತಾಸು ಬಸ್ಸು. ಊರು ದಾಟಿದರೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು, ಅವುಗಳ ನಡುವೆ ಯಾರನ್ನೋ ಕಾಯುತ್ತ ನಿಂತಂಥ ಬೆಳ್ಳಕ್ಕಿಗಳು. ಮಸ್ಕಿ ಹಿಂದೆ ಸರಿದಂತೆ ನೀರೂ ಹಿಂದುಳಿಯುತ್ತದೆ. ತೊಗರಿ, ಸಜ್ಜೆ, ಬಂಡೆಗುಡ್ಡ, ಒಂದಿಷ್ಟು ಕುರಿ. ಎಚ್ಚರಕ್ಕೂ ನಿದ್ದೆಗೂ ನಡುವಿನ ಆ ಹೊತ್ತಿನಲ್ಲಿ ಕಿಟಕಿಯಾಚೆ ಕಂಡದ್ದು ಎಷ್ಟು, ಕನಸಿನಲ್ಲಿ ಕಂಡದ್ದು ಎಷ್ಟು ಎಂದು ಹೇಳುವುದು ಕಷ್ಟ. ಸಿನಿಮಾದ ಮಾತಿಗೆ ಅಂಥ ಹೊತ್ತೇ ಸರಿ.

ನಮ್ಮದು ಮೂರೇ ಜನರ ಸಿನಿಮಾ ಬಳಗ. ಒಬ್ಬಳು ಶಾಹಿದಾ, ಮಸ್ಕಿಯಲ್ಲಿ ಇಳಿಯುವ ನರ್ಸು. ಅವಳು ಡೈರೆಕ್ಟರನ್ನು ಅಳೆಯುವುದು ಅಡುಗೆಮನೆಯಿಂದ. "ಅಕ್ಕಾ, ಹೀರೋಯಿನ್ ರೊಟ್ಟಿ ಬಡೀತಾಳ, ಕೈಗೆ ಒಂಚೂರು ಹಿಟ್ಟ ಹತ್ತಿರಂಗಿಲ್ಲ. ಇಂವ ಎಂಥಾ ಡೈರೆಕ್ಟರು?" ಎನ್ನುತ್ತಾಳೆ. ಮುಸುರೆ ಪಾತ್ರೆ ತೋರಿಸಿದ ಸಿನಿಮಾ ಯಾವ ಭಾಷೆಯದಾದರೂ ಅವಳಿಗೆ ಪ್ರೀತಿ. ಇನ್ನೊಬ್ಬರು ಅಮರಪ್ಪನವರು, ನಮ್ಮದೇ ಕಚೇರಿಯ ಜವಾನರು. ಗುರುಗುಂಟಾದಲ್ಲಿ ಕುರಿ ಕಾಯುತ್ತ ಬೆಳೆದವರು. ಹೆಂಡತಿ ಹುಲಿಗೆಮ್ಮನವರಿಗೆ ಸಿಂಧನೂರಿನ ಅಂಗನವಾಡಿಯಲ್ಲಿ ಕೆಲಸವಾದ್ದರಿಂದ ಸಂಸಾರ ಇಲ್ಲಿ. ನಿವೃತ್ತಿಗೆ ಇನ್ನೆರಡು ವರ್ಷ.

ಅಮರಪ್ಪನವರಿಗೆ ಒಬ್ಬ ಡೈರೆಕ್ಟರನ ಹೆಸರೂ ಗೊತ್ತಿಲ್ಲ. ಎಲ್ಲ ಡೈರೆಕ್ಟರುಗಳೂ ಅವರ ಬಾಯಲ್ಲಿ "ಆ ಪುಣ್ಯಾತ್ಮ". ಹುಡುಗತನದಲ್ಲಿ ಲಿಂಗಸುಗೂರಿನ ಟಾಕೀಜಿನಲ್ಲಿ ನೋಡಿದ ಹಳೆಯ ಸಿನಿಮಾಗಳನ್ನು ಇಂದು ಬೆಳಿಗ್ಗೆ ನೋಡಿ ಬಂದವರಂತೆ ಹೇಳುತ್ತಿದ್ದರು. ಅದರಲ್ಲೂ ಕೊನೆಗಳು! ಅವರ ಸಿನಿಮಾಗಳಲ್ಲಿ ಕಳೆದುಹೋದವರು ಸಿಗುತ್ತಿದ್ದರು, ಮುನಿದವರು ಮಾತಾಡುತ್ತಿದ್ದರು; ಆದರೆ ಯಾವುದೂ ಸುಮ್ಮನೆ ಸಿಹಿಯಾಗಿರುತ್ತಿರಲಿಲ್ಲ. ಎಲ್ಲೋ ಒಂದು ಕಡೆ ಎದೆ ಹಿಂಡುತ್ತಿತ್ತು.

ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬ್ಯಾಂಡಿನವನೊಬ್ಬನ ಸಿನಿಮಾ. ಕ್ಲಾರಿಯೋನೆಟ್ ಊದುವ ಬಡವ, ಹೆಂಡತಿಯೊಡನೆ ಜಗಳವಾಡಿ ಹಸುಗೂಸನ್ನು ಬಿಟ್ಟು ಮನೆಯಿಂದ ಹೊರಟುಹೋಗುತ್ತಾನೆ. ವರ್ಷಗಳ ಮೇಲೆ ಯಾವುದೋ ಊರಿನ ಮದುವೆಗೆ ಬ್ಯಾಂಡಿನ ಜೊತೆ ಬರುತ್ತಾನೆ. ನೋಡಿದರೆ ಮದುಮಗಳು ಅವನದೇ ಮಗಳು.

"ಮೆರವಣಿಗಿ ಹೊಂಟೈತ್ರಿ," ಎಂದು ಅಮರಪ್ಪನವರು ಒಂದು ದಿನ ಮುಂದಿನ ಸೀಟಿನ ಕಂಬಿ ಹಿಡಿದು ಹೇಳಿದರು. "ಇಂವ ಟೊಪಿಗಿ ಮುಖದ ಮ್ಯಾಲೆ ಎಳಕೊಂಡು ಊದಾಕತ್ತಾನ. ಊದತಾ ಊದತಾ ಒಂದ ಕಡಿ ಸ್ವರ ತಪ್ಪತೈತಿ. ಅದ ಜಾಗಾ! ಮದಲ ಮನ್ಯಾಗ ಊದುವಾಗೂ ಅಲ್ಲೇ ತಪ್ಪತಿದ್ದ. ಆರತಿ ಹಿಡಕೊಂಡಿದ್ದ ಹೇಂತಿ ಹಂಗ ನಿಂತಬಿಟ್ಲು. ಯಾರ ಜೋಡಿನೂ ಮಾತಾಡ್ಲಿಲ್ಲ. ಒಳಗ ಹೋಗಿ ಗಂಗಾಳ ತುಂಬ ಊಟ ತಂದು ಅವನ ಮುಂದ ಇಟ್ಟು, 'ಹಸದಿರಬೇಕು, ಉಂಡು ಊದು' ಅಂದ್ಲು. ಅಷ್ಟರೀ. ಮುಗೀತು. ಏನ್ ತಗದಾನ್ರಿ ಆ ಪುಣ್ಯಾತ್ಮ!"

ಶಾಹಿದಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮಸ್ಕಿಯಲ್ಲಿ ಇಳಿಯುವುದನ್ನೇ ಮರೆತಳು. ಕಂಡಕ್ಟರು ಕೂಗಿ ಇಳಿಸಬೇಕಾಯಿತು.

ನಿಜ ಹೇಳಲೇ? ನನಗೆ ಹೊಟ್ಟೆಯುರಿಯಿತು. ಹಿಂದಿನ ದಿನವಷ್ಟೇ ನಾನೊಬ್ಬ ದೊಡ್ಡ ವಿದೇಶಿ ಡೈರೆಕ್ಟರನ ಬಗ್ಗೆ ಹೇಳಿದ್ದೆ, ಏಳು ನಿಮಿಷ ಬರೀ ಮಳೆ ತೋರಿಸಿದ ಮಹಾನುಭಾವನ ಬಗ್ಗೆ. "ಮಳಿ ನಿಂತ ಮ್ಯಾಲೆ ಏನಾತಕ್ಕಾ?" ಎಂದಿದ್ದಳು ಶಾಹಿದಾ. ಏನೂ ಆಗಲಿಲ್ಲ ಎಂದಿದ್ದೆ. ಅವಳು ಆಕಳಿಸಿದ್ದಳು.

ಹೊಟ್ಟೆಯುರಿಗೆ ನಾನು ವಿದ್ಯೆಯ ಬಟ್ಟೆ ತೊಡಿಸಿದೆ. ನಮ್ಮ ಜನಕ್ಕೆ ಎಲ್ಲ ಕಥೆಯೂ ಮಂಗಳದಲ್ಲೇ ಮುಗಿಯಬೇಕು ಎಂದು ಮನಸ್ಸಿನಲ್ಲೇ ಭಾಷಣ ಮಾಡಿಕೊಂಡೆ. ದೊಡ್ಡಾಟದಲ್ಲಿ ನೋಡಿಲ್ಲವೇ? ಸತ್ತುಬಿದ್ದ ರಕ್ಕಸನೂ ಕೊನೆಯ ಮಂಗಳದ ಹಾಡಿಗೆ ಮೈಕೊಡವಿ ಎದ್ದು, ಕೊಂದ ದೊರೆಯ ಪಕ್ಕದಲ್ಲೇ ಕೈಮುಗಿದು ನಿಲ್ಲುತ್ತಾನೆ. ಆದರೆ ಸಿನಿಮಾ ಬೇರೆ. ಯಾವ ಗಟ್ಟಿ ಡೈರೆಕ್ಟರೂ ಇಂಥ ಕೊನೆ ಇಟ್ಟಿರಲಾರ. ಅಮರಪ್ಪನವರದು ಮರೆವು, ಇಲ್ಲವೇ ಸುಳ್ಳು.

ಮೊಬೈಲಿನಲ್ಲಿ ಹುಡುಕಿದೆ. ನಾಲ್ಕು ದಿನದ ಮೇಲೆ ಯಾರೋ ಪುಣ್ಯವಂತರು ಹಾಕಿಟ್ಟ ಮಸುಕು ಪ್ರತಿ ಸಿಕ್ಕಿತು. ಇಡೀ ಸಿನಿಮಾ ನೋಡುವಷ್ಟು ತಾಳ್ಮೆ ನನಗೆಲ್ಲಿ? ಬೆರಳಿನಿಂದ ಸರಸರ ತಳ್ಳಿ ಕೊನೆಯ ಕಾಲು ಗಂಟೆ ಮಾತ್ರ ನೋಡಿದೆ. ನನ್ನ ಗುಮಾನಿ ಸರಿಯಿತ್ತು. ಗಂಗಾಳವೂ ಇಲ್ಲ, ಊಟವೂ ಇಲ್ಲ. ನಾನು ಗೆದ್ದೆ ಅನ್ನಿಸಿತು. ಮರುದಿನವೇ ಬಸ್ಸಿನಲ್ಲಿ ಸಕ್ಕರೆಯಂಥ ದನಿಯಲ್ಲಿ ಕರೆದೆ: "ಅಮರಪ್ಪನವರೇ, ನಿಮ್ಮ ಸಿನಿಮಾ ಸಿಕ್ಕಿದೆ. ರವಿವಾರ ನಮ್ಮ ಮನೆಗೆ ಬರ್ರಿ, ಎಲ್ಲರೂ ಕೂಡಿ ನೋಡೋಣ. ಹುಲಿಗೆಮ್ಮನವರನ್ನೂ ಕರಕೊಂಡು ಬರ್ರಿ."

ಅವರ ಮುಖದಲ್ಲಿ ಏನೋ ಹಾದುಹೋಯಿತು. "ಪೂರಾ ಐತೇನ್ರಿ ಮೇಡಂ?" ಎಂದು ಕೇಳಿದರು. ಪೂರಾ ಇದೆ ಅಂದೆ.

ರವಿವಾರ ಹನ್ನೊಂದಕ್ಕೆ ಎಲ್ಲರೂ ಬಂದರು. ಶಾಹಿದಾ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದಳು. ಹುಲಿಗೆಮ್ಮನವರು ಸೋಫಾ ಬೇಡವೆಂದು ಗೋಡೆಗೊರಗಿ ನೆಲದ ಮೇಲೆ ಕುಳಿತರು. ತೆಳ್ಳನೆಯ ಜೀವ, ಮಾತು ಕಡಿಮೆ. ಪರದೆ ಎಳೆದು ಟಿವಿ ಹಚ್ಚಿದೆ. ಕಪ್ಪುಬಿಳುಪಿನ ಬೆಳಕು ಗೋಡೆಯ ಮೇಲೆಲ್ಲ ನೀರಿನ ಹಾಗೆ ಅಲುಗಾಡಿತು. ಅಮರಪ್ಪನವರು ಮಾತುಗಳನ್ನು ಒಂದು ಉಸಿರು ಮೊದಲೇ ತುಟಿಯಲ್ಲಿ ಆಡುತ್ತಿದ್ದರು. ಇಷ್ಟು ವರ್ಷದ ಮೇಲೂ ಒಂದಕ್ಷರ ತಪ್ಪಲಿಲ್ಲ. ಮರೆವಿನ ಮನುಷ್ಯನಲ್ಲ ಇವರು ಅನ್ನಿಸಿದಾಗ ನನಗೆ ಸ್ವಲ್ಪ ಇರುಸುಮುರುಸಾಯಿತು.

ಮದುವೆಯ ಚಪ್ಪರ ಬಂತು. ಬ್ಯಾಂಡಿನವರು ಲಾರಿಯಿಂದ ಇಳಿದರು. ಅಮರಪ್ಪನವರು ತಟ್ಟನೆ ಎದ್ದು ನಿಂತರು.

"ನಾವು ಹೊಂಡ್ತೀವ್ರಿ ಮೇಡಂ. ಬಸ್ಸು..."

"ಯಾವ ಬಸ್ಸ್ ರೀ ಕಾಕಾ? ಮನಿ ಇಲ್ಲೇ ನಾಕು ಓಣಿ ಆಚೀಗೆ ಐತಲ್ಲ!" ಎಂದು ಶಾಹಿದಾ ನಕ್ಕಳು.

ಅವರು ನಗಲಿಲ್ಲ. ಬಾಗಿಲ ಕಡೆ ನೋಡಿದರು, ಯಾರೋ ಅಲ್ಲಿ ನಿಂತು ಕರೆಯುತ್ತಿದ್ದಾರೇನೋ ಎಂಬಂತೆ. "ಕೂಡ್ರಿ, ಚಲೋ ಭಾಗ ಈಗ ಬರುತ್ತೆ," ಎಂದೆ ನಾನು. ಕುಳಿತರು.

ಮೆರವಣಿಗೆ ಹೊರಟಿತು. ಸ್ವರ ತಪ್ಪಿತು, ಆ ಸ್ವರ ನಿಜಕ್ಕೂ ಇತ್ತು. ಆರತಿ ಹಿಡಿದ ಹೆಂಡತಿ ಬ್ಯಾಂಡಿನ ಕಡೆ ತಿರುಗಿದಳು. ಅಷ್ಟರಲ್ಲಿ ಯಾರೋ ಕೂಗಿದರು, ಅವಳು ಒಳಗೆ ಹೋದಳು. ಮತ್ತೆ ಹೊರಗೆ ಬರಲೇ ಇಲ್ಲ. ಅವನು ಕೊನೆಯವರೆಗೂ ಊದಿ, ಎಲ್ಲರ ಜೊತೆ ಲಾರಿ ಹತ್ತಿ, ಟೊಪ್ಪಿಗೆ ತೆಗೆದ. ಧೂಳೆದ್ದಿತು. ಮುಗಿಯಿತು.

ಅಮರಪ್ಪನವರು ಖಾಲಿ ಪರದೆಯನ್ನೇ ನೋಡುತ್ತ ನಿಧಾನವಾಗಿ ಹೇಳಿದರು: "ಸಂತಿ ದಿನ ನಮ್ಮಪ್ಪ ಕುರಿ ಮಾರಾಕ ಲಿಂಗಸುಗೂರಿಗೆ ಬರ್ತಿದ್ದ. ನನ್ನ ಟಾಕೀಜಿನ್ಯಾಗ ಕುಂದ್ರಿಸಿ ಹೋಗ್ತಿದ್ದ. ಮ್ಯಾಟ್ನಿ ಮುಗಿಯೂಕಿನ್ನ ಕಾಲು ತಾಸು ಮದಲ ಗುರುಗುಂಟಾದ ಬಸ್ಸು. ಬಾಗಲದಾಗ ನಿಂತು 'ಲೇ ಅಮರ್ಯಾ' ಅಂತ ಕೂಗತಿದ್ದ. ಒಂದ ಸಿನಿಮಾದ್ದೂ ಆಖರಿ ನಾ ನೋಡಿಲ್ರಿ. ಊರಾಗ ಗೆಳೆಯರು ಮುಂದೇನಾತು ಅಂತ ಕೇಳವ್ರು. ಗೊತ್ತಿಲ್ಲ ಅನ್ನಾಕ ನಾಚಿಕಿ. ಬಸ್ಸಿನ್ಯಾಗ ಕುಂತು ಜೋಡಿಸ್ತಿದ್ದೆ. ಆ ಸ್ವರ ತಪ್ಪೂದೂ ನನ್ನ ಅಂದಾಜ, ಅದೊಂದು ಹೊಂದಿತು."

"ದೊಡ್ಡವರಾದ ಮೇಲೆ ಎಲ್ಲಾದರೂ ನೋಡಬಹುದಿತ್ತಲ್ಲ?" ಎಂದೆ.

"ಅಂಜಿಕಿ ಬರ್ತಿತ್ರಿ. ನಂದ ತಪ್ಪಾಗಿದ್ರ?" ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಲಗ್ನ ಆದ ಹೊಸತಾಗ ನಿನಗ ಮದಲ ಹೇಳಿದ್ದ ಇದ ಸಿನಿಮಾ. ಅವತ್ತಿಂದ ಸುಳ್ಳ ಹೇಳ್ಕೊಂತ ಬಂದೀನಿ."

ಹುಲಿಗೆಮ್ಮನವರು ಮಿರ್ಚಿಯ ಕಾಗದವನ್ನು ಮಡಚುತ್ತಿದ್ದರು. ತಲೆಯೆತ್ತದೆ ಹೇಳಿದರು: "ನನಗ ಗೊತ್ತಿತ್ತು."

ಎಲ್ಲರೂ ಅವರ ಕಡೆ ತಿರುಗಿದೆವು.

"ನಾ ಲಗ್ನಕ್ಕಿಂತ ಮದಲ ನಮ್ಮ ವೈನಿ ಜೋಡಿ ಇಲ್ಲೇ ಸಿಂಧನೂರಾಗ ಇದನ್ನ ಪೂರಾ ನೋಡಿದ್ದೆ. ಎರಡ ದಿನ ಬಾಯಿಗೆ ತುತ್ತ ಹೋಗಿದ್ದಿಲ್ಲ. ಆ ಮನಶಾ ಹಸಗೊಂಡ ಹೋದ್ನಲ್ಲ ಅಂತ. ಇವರು ಬಂದು ಆಕಿ ಕೈಲಿ ಗಂಗಾಳ ಹಿಡಿಸಿದ್ರು." ಅವರು ಕಾಗದವನ್ನು ಇನ್ನೊಂದು ಸಲ ಮಡಚಿದರು. "ಗುರುಗುಂಟಾ ಅಂದ್ರ ನನಗ ಗೊತ್ತಿಲ್ಲದ ಊರು, ಗೊತ್ತಿಲ್ಲದ ಮಂದಿ, ದಿನಾ ಅಳು ಬರ್ತಿತ್ತು. ಇಂಥಾದ್ದು ಯೋಚನಿ ಮಾಡೂ ಗಂಡಸಿನ ಜೋಡಿ ಬಾಳೇವು ಮಾಡಬಹುದು ಅಂತ ಅವತ್ತು ಧೈರ್ಯ ಬಂತ್ರಿ ಅಕ್ಕಾರ. ಖರೇದ್ದು ಹೇಳಿ ಅದನ್ಯಾಕ ಕೆಡಸ್ಲಿ?"

ಅಮರಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಚಹಾ ಮಾಡುವ ನೆಪದಿಂದ ನಾನು ಒಳಗೆ ಹೋಗಿ, ಒಲೆ ಹಚ್ಚದೆ ಸುಮ್ಮನೆ ನಿಂತೆ.

ಮರುದಿನ ಬಸ್ಸಿನಲ್ಲಿ ಅವರು ಡ್ರೈವರನ ಹಿಂದಿನ ಸೀಟಿನಲ್ಲಿ ಒಬ್ಬರೇ ಕುಳಿತರು. ಮಂಗಳವಾರವೂ ಹಾಗೆಯೇ. ಶಾಹಿದಾ ನನ್ನ ಜೊತೆ ಮಾತಾಡಲಿಲ್ಲ. ಅಡುಗೆಮನೆಯಿಂದಲೇ ಮನುಷ್ಯರನ್ನೂ ಅಳೆಯುತ್ತಾಳೋ ಏನೋ, ಅಂದು ನಾನು ಒಲೆ ಹಚ್ಚದೆ ನಿಂತಿದ್ದನ್ನು ಅವಳು ನೋಡಿದ್ದಳು. ಗುರುವಾರ ಧೈರ್ಯ ಮಾಡಿ ಎದ್ದು ಹೋಗಿ ಅಮರಪ್ಪನವರ ಪಕ್ಕ ಕುಳಿತೆ. ಕೊನೆಯನ್ನು ನಾನು ಮೊದಲೇ ನೋಡಿದ್ದೆ, ಬೇಕಂತಲೇ ಕರೆದೆ, ತಪ್ಪಾಯಿತು ಎಂದೆ.

"ಗೊತ್ತಾತ್ರಿ," ಎಂದರು. "ಅವತ್ತು ನೀವು ಟಿವಿ ನೋಡ್ಲಿಲ್ಲ. ನನ್ನ ಮುಖ ನೋಡಾಕತ್ತಿದ್ರಿ."

ಭೂಮಿ ಬಾಯ್ಬಿಡಲಿಲ್ಲ, ಬಸ್ಸಿನಲ್ಲಿ ಅದಕ್ಕೂ ಅನುಕೂಲವಿಲ್ಲ. ಆಮೇಲೆ ಅವರೇ ಮಾತು ತೆಗೆದರು. "ಸಿಟ್ಟಿಲ್ರಿ ಮೇಡಂ. ನಾ ವಿಚಾರ ಮಾಡಾಕತ್ತಿದ್ದೆ. ಆ ಪುಣ್ಯಾತ್ಮ ಯಾಕ ಹಂಗ ಮಾಡಿರಬೇಕು ಅಂತ. ಕೂಸಿನ ಬಿಟ್ಟು ಹೋದವನಿಗೆ ಅಷ್ಟ ಸುಲಭಕ್ಕ ಊಟ ಸಿಗಬಾರದು ಅಂತ ಇರಬೇಕು. ಅದೂ ಖರೆ ಐತ್ರಿ. ಆದ್ರ ಆಕಿ ಒಳಗ ಹೋಗಿ ಮತ್ತ ಹೊರಗ ಬರಲಿಲ್ಲ ನೋಡ್ರಿ. ಒಳಗ ಏನ ಮಾಡಿದ್ಲು? ಊಟಾನ ಹಾಕಾಕ ಹತ್ತಿದ್ಲೋ ಏನೋ. ತಂದು ಕೊಡೂದರಾಗ ಲಾರಿ ಹೋಗಿರಬೇಕು."

ನಾನು ಎಷ್ಟೋ ಡೈರೆಕ್ಟರುಗಳ ಬಗ್ಗೆ ಓದಿದ್ದೇನೆ. ಅವಳು ಒಳಗೆ ಏನು ಮಾಡಿದಳು ಎಂದು ಕೇಳುವುದು ನನಗೆ ಹೊಳೆದಿರಲಿಲ್ಲ. ಈಗ ಆ ಸಿನಿಮಾ ನೆನೆದರೆ ಲಾರಿಯ ಧೂಳು ಕಾಣುವುದೇ ಇಲ್ಲ. ಕತ್ತಲೆಯ ಅಡುಗೆಮನೆಯಲ್ಲಿ ಅವಸರದಿಂದ ಬಡಿಸುತ್ತಿರುವ ಎರಡು ಕೈ ಕಾಣುತ್ತವೆ.

ಮುಂದಿನ ರವಿವಾರ ಅವರೇ ಬಂದರು, ಹೆಂಡತಿಯ ಸಮೇತ. ಉಳಿದ ಸಿನಿಮಾಗಳ ಕೊನೆಯನ್ನೂ ನೋಡಿಬಿಡಬೇಕು ಎಂದರು. ಆದರೆ ಹುಲಿಗೆಮ್ಮನವರದು ಒಂದು ಕರಾರು: ಕಾಲು ತಾಸು ಇರುವಾಗ ಟಿವಿ ನಿಲ್ಲಿಸಬೇಕು, ಮೊದಲು ಇವರು ತಮ್ಮ ಕೊನೆ ಹೇಳಬೇಕು, ಆಮೇಲೆ ನೋಡುವುದು. ಶಾಹಿದಾಳಿಗೂ ಹುರುಪು ಬಂತು. ತನ್ನದೂ ಒಂದು ಕೊನೆ ಇರಲಿ ಎಂದಳು. ಅದರಲ್ಲಿ ನಾಯಕನೇ ಪಾತ್ರೆ ತಿಕ್ಕುತ್ತಾನೆ. ನನ್ನ ಸರದಿ ಬಂದಾಗ ಮಾತ್ರ ನಾನು ತಡವರಿಸುತ್ತೇನೆ. ಕಾಯುತ್ತಾರೆ.

ಕಳೆದ ವಾರ ಒಂದು ಹಳೆಯ ಸಿನಿಮಾ ಹಾಗೆ ನಿಲ್ಲಿಸಿ ಮಾತಿಗೆ ಕುಳಿತೆವು. ಜಗಳ ಬಿತ್ತು, ನಗು ಬಂತು, ಎರಡು ಸಲ ಚಹಾ ಆಯಿತು, ಊಟದ ಹೊತ್ತಾಯಿತೆಂದು ಎಲ್ಲರೂ ಎದ್ದು ಹೋದರು. ಕಪ್ಪು ತೊಳೆದಿಟ್ಟು ಬಂದು ನೋಡಿದರೆ ಟಿವಿಯಲ್ಲಿ ನಾಯಕಿ ಯಾವುದೋ ಮನೆಯ ಹೊಸ್ತಿಲ ಮುಂದೆ ಒಂದು ಕಾಲೆತ್ತಿ ಹಾಗೆಯೇ ನಿಂತಿದ್ದಳು. ಒಳಗೆ ಹೋಗುವವಳೋ, ತಿರುಗುವವಳೋ. ರಿಮೋಟು ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟೆ. ಬೇಕಾದಷ್ಟು ಹೊತ್ತು ನಿಂತು ಯೋಚನೆ ಮಾಡಲಿ, ಅವಸರ ಯಾರಿಗಿದೆ?