ಸುಲ್ತಾನನ ಕಾಲ್ಬೆರಳು

ಎಪ್ಪತ್ತರ ದಶಕದಲ್ಲಿ ನಾನು ಆರು ವರ್ಷ ಇಂಗ್ಲಿಷ್ ದೊರೆಯಾಗಿದ್ದೆ. ಯಶವಂತಪುರದ ನಮ್ಮ ಕಾರ್ಖಾನೆಯ ಕನ್ನಡ ಸಂಘದವರು ಪ್ರತಿ ರಾಜ್ಯೋತ್ಸವಕ್ಕೂ ಒಂದೇ ನಾಟಕ ಆಡುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯವರು ಒಂದೊಂದೇ ರಾಜ್ಯ ನುಂಗುತ್ತಾ ಬರುತ್ತಾರೆ, ಸುತ್ತಲಿನ ರಾಜರೆಲ್ಲ ಕೈಮುಗಿಯುತ್ತಾರೆ, ಸುಲ್ತಾನನೊಬ್ಬ ಬಗ್ಗುವುದಿಲ್ಲ. ಕೊನೆಗೆ ಅವರು ಕೋಟೆ ಒಡೆದಾಗ ಅದರ ಬಾಗಿಲಲ್ಲೇ ಸಾಯುತ್ತಾನೆ. ಸ್ಟೋರ್ಸ್ ಗುಮಾಸ್ತನಾದ ನನಗೆ ಮೈಬಣ್ಣ ಬಿಟ್ಟರೆ ದೊರೆಯಾಗುವ ಯೋಗ್ಯತೆ ಏನೂ ಇರಲಿಲ್ಲ. ಸುಲ್ತಾನನ ಪಾತ್ರ ಮಾಡುತ್ತಿದ್ದವನು ಮಾತ್ರ ಹುಟ್ಟು ಸುಲ್ತಾನ. ಹಳೇ ಯಲಹಂಕದವನು, ಲೇತ್ ಮೇಲೆ ಕೆಲಸ, ನನ್ನ ಜೀವದ ಗೆಳೆಯ. ಮನೆಯಲ್ಲಿ ಉರ್ದು ಆಡುವವನು ವೇದಿಕೆ ಹತ್ತಿದರೆ ನಾವೆಲ್ಲ ನಾಚಿಕೊಳ್ಳುವಂಥ ಕನ್ನಡ ಮಾತಾಡುತ್ತಿದ್ದ.

ಕೊನೆಯ ದೃಶ್ಯದಲ್ಲಿ ನಾನು ಲಾಟೀನು ಹಿಡಿದು ಹೆಣಗಳ ನಡುವೆ ಅವನನ್ನು ಹುಡುಕಬೇಕು, ಮಣಿಕಟ್ಟು ಹಿಡಿದು ನಾಡಿ ನೋಡಬೇಕು, ಟೋಪಿ ತೆಗೆದು "ಸುಲ್ತಾನ ಇನ್ನಿಲ್ಲ" ಅನ್ನಬೇಕು. ಮೊದಲ ವರ್ಷ ಅಷ್ಟು ಅಂದದ್ದೇ ತಡ, ಮುಂದಿನ ಚಾಪೆಯಲ್ಲಿದ್ದ ಅವನ ತಾಯಿ ಎದೆ ಹಿಡಿದುಕೊಂಡು ಒರಗಿಬಿಟ್ಟರು. ನಾವೆಲ್ಲ ಅವರನ್ನು ಅಮ್ಮಿ ಅನ್ನುತ್ತಿದ್ದೆವು. ಗಂಡನನ್ನೂ ಹಿರಿಮಗನನ್ನೂ ಮಣ್ಣು ಮಾಡಿದ ಹೆಂಗಸು, ಉಳಿದಿದ್ದವನು ಇವನೊಬ್ಬನೇ. ಅದು ನಾಟಕ ಅಂತ ಗೊತ್ತಿದ್ದರೂ ಅವರಿಗೆ ತಡೆಯಲಾಗಲಿಲ್ಲ.

ಮಾರನೇ ವರ್ಷ ನಾವು ಮೂವರೂ ಒಂದು ಒಪ್ಪಂದ ಮಾಡಿಕೊಂಡೆವು. ನಾಡಿ ನೋಡುವಾಗ ನಾನು ಅವನನ್ನು ಚಿವುಟಬೇಕು, ಅವನು ಎಡಗಾಲಿನ ಹೆಬ್ಬೆರಳು ಅಲ್ಲಾಡಿಸಬೇಕು, ಅಮ್ಮಿ ಅದನ್ನು ನೋಡಿಕೊಳ್ಳಬೇಕು.

"ಮರೀಬೇಡ ಬೇಟಾ, ನಾನು ಅದನ್ನೇ ನೋಡ್ತಾ ಇರ್ತೀನಿ" ಎಂದು ಅಮ್ಮಿ ನನ್ನ ಕೈ ಹಿಡಿದುಕೊಂಡಿದ್ದರು.

ನಾಲ್ಕು ವರ್ಷ ಹಾಗೇ ನಡೆಯಿತು. ಜನರೆಲ್ಲ ಸುಲ್ತಾನನ ಮುಖ ನೋಡಿ ಮೂಗು ಒರೆಸಿಕೊಳ್ಳುತ್ತಿದ್ದರೆ ಅಮ್ಮಿ ಮಾತ್ರ ಕಾಲು ನೋಡಿ ನಗುತ್ತಿದ್ದರು.

ಆರನೇ ವರ್ಷ ನಾಟಕ ಸ್ಪರ್ಧೆಗೆ ಹೋಯಿತು. ಮುಂದಿನ ಸಾಲಿನಲ್ಲಿ ತೀರ್ಪುಗಾರರು ಕೂತಿದ್ದರು. ಸತ್ತ ಸುಲ್ತಾನ ಕಾಲ್ಬೆರಳು ಅಲ್ಲಾಡಿಸಿದರೆ ನಮ್ಮ ಮಾನ ಹರಾಜಾಗುತ್ತದೆ ಎಂದು ನನ್ನ ದರಿದ್ರ ಬುದ್ಧಿಗೆ ತೋಚಿತು. ಯಾರಿಗೂ ಹೇಳದೆ, ನಾಡಿ ನೋಡುವ ಮೊದಲು, ನನ್ನ ಬಾಡಿಗೆಯ ಕೆಂಪು ಕೋಟು ಬಿಚ್ಚಿ ಅವನ ಕಾಲ ಮೇಲೆ ಹೊದಿಸಿದೆ. ಸೋತ ವೀರನಿಗೆ ದೊರೆ ತೋರಿಸಿದ ಮರ್ಯಾದೆ ಅಂತ ಚಪ್ಪಾಳೆ ಬಿತ್ತು. ನಾನು ಉಬ್ಬಿಹೋದೆ. ಆಮೇಲೆ ಚಿವುಟಿದೆ. ಅವನು ಬೆರಳು ಅಲ್ಲಾಡಿಸಿರಬೇಕು, ಕೋಟಿನ ಕೆಳಗೆ.

ಅಮ್ಮಿಯ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ವೇದಿಕೆ ಹತ್ತಿ ಬಂದು ಕೋಟು ಕಿತ್ತೆಸೆದು ಆ ಕಾಲು ತಬ್ಬಿಕೊಂಡರು. ಸುಲ್ತಾನ ಎದ್ದು ಕೂತು ತಾಯಿಯ ತಲೆ ಸವರಿದ. ಸಭೆ ಬಿದ್ದು ಬಿದ್ದು ನಕ್ಕಿತು.

"ಅಮ್ಮಿಗೆ ಮಾತು ಕೊಟ್ಟಿದ್ವಲ್ಲ ಗುರು" ಅಂದ, ಬಣ್ಣ ತೊಳೆಯುವಾಗ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಮತ್ತೆಂದೂ ಬಣ್ಣ ಹಚ್ಚಲಿಲ್ಲ, ಸಂಘದವರೂ ಆ ನಾಟಕವನ್ನು ಕೈಬಿಟ್ಟರು. ಇಂಗ್ಲಿಷರು ಇಡೀ ಫೌಜು ತಂದು ಮಾಡಿದ್ದನ್ನು ನಾನು ಒಂದು ಕೋಟಿನಲ್ಲಿ ಮಾಡಿ ಮುಗಿಸಿದ್ದೆ.

ಎರಡು ವರ್ಷದ ನಂತರ ಕಾಮಾಲೆ ಅವನನ್ನು ಹದಿನೈದು ದಿನದಲ್ಲಿ ತಿಂದುಹಾಕಿತು. ಸುದ್ದಿ ಕೇಳಿ ಕಾರ್ಖಾನೆಯಿಂದ ನೇರವಾಗಿ ಯಲಹಂಕಕ್ಕೆ ಓಡಿದೆ. ನಡುಮನೆಯ ಮಂಚದ ಮೇಲೆ ಅವನಿಗೆ ಬಿಳಿ ಚಾದರ ಹೊದಿಸಿ ಮಲಗಿಸಿದ್ದರು. ಅಮ್ಮಿ ಅಳುತ್ತಿರಲಿಲ್ಲ. ನನ್ನನ್ನು ಕಂಡವರೇ ಎದ್ದು ಬಂದು ಕೈ ಹಿಡಿದು ಮಂಚದ ಪಕ್ಕ ಕೂರಿಸಿದರು. ಕಾಲ ಮೇಲಿನ ಚಾದರ ಸರಿಸಿದರು. ಎರಡೂ ಹೆಬ್ಬೆರಳುಗಳನ್ನು ಸೇರಿಸಿ ಬಟ್ಟೆಯ ಚೂರಿನಿಂದ ಕಟ್ಟಿದ್ದರು.

"ಇವ್ರು ಬೆರಳು ಕಟ್ಬಿಟ್ಟಿದಾರೆ ಬೇಟಾ, ಅವನು ಹೆಂಗೆ ಅಲ್ಲಾಡಿಸ್ತಾನೆ? ನಾನು ಬಿಚ್ತೀನಿ. ನೀನು ಚಿವುಟು."

ನೆರೆದಿದ್ದ ಗಂಡಸರು ಮುಖ ತಿರುಗಿಸಿಕೊಂಡರು. ಯಾರಾದರೂ ತಡೆಯಲಿ ಎಂದು ನಾನು ಕಾದೆ, ಯಾರೂ ತಡೆಯಲಿಲ್ಲ. ತಣ್ಣಗಿದ್ದ ಆ ಮಣಿಕಟ್ಟು ಹಿಡಿದು ಚಿವುಟಿದೆ. ಅಮ್ಮಿ ಗಂಟು ಬಿಚ್ಚಿ ಎಡಗಾಲನ್ನೇ ನೋಡುತ್ತಾ ಕೂತಿದ್ದರು.

"ಇನ್ನೊಂದ್ ಸಲ ಬೇಟಾ" ಅಂದರು. "ಸ್ವಲ್ಪ ಜೋರಾಗಿ."

ನಾನು ಇನ್ನೊಂದು ಸಲ ಚಿವುಟಿದೆ.