ಬ್ಯಾರಲ್ ಬಾಯಿಗಿಟ್ಟ ನಿಂಬೆಹಣ್ಣು

ಇದನ್ನು ಬರೆಯಲು ಕುಳಿತದ್ದು ಇದೇ ಮೊದಲಲ್ಲ. ಪ್ರತಿ ಸಲವೂ ಕೆಲಸದ ವಿವರವನ್ನೆಲ್ಲ ಬರೆದು, ನಾನು ಹೇಳಿದ ಸುಳ್ಳಿನ ಹತ್ತಿರ ಬರುತ್ತಿದ್ದಂತೆ ಪೆನ್ನು ಮುಚ್ಚಿಟ್ಟು ಎದ್ದಿದ್ದೇನೆ. ಈಗ ಕಣ್ಣಿಗೆ ಪೊರೆ ಬರುತ್ತಿದೆ. ಇನ್ನು ಮುಂದೂಡಿದರೆ ಬರೆಯಲಿಕ್ಕೇ ಆಗುವುದಿಲ್ಲ.

2013ರಲ್ಲಿ ನಾನು ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ಏರ್ ರೈಫಲ್ ರಿಪೇರಿಯ ಒಂದು ಸಣ್ಣ ಅಂಗಡಿಯಲ್ಲಿ ಟ್ಯೂನರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಹುಬ್ಬಳ್ಳಿಯಲ್ಲಿ ಲೇತ್ ನಡೆಸುತ್ತಿದ್ದವನು ಹೆಂಡತಿಯ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕು ಇಲ್ಲಿಗೆ ಬಂದೆ. ಕನ್ನಡದವರು ಸೇರಿದ ಕಡೆ ಎಲ್ಲರೂ ತಮ್ಮ ತಮ್ಮ ಕಂಪನಿ, ಆಸ್ಪತ್ರೆಗಳ ಮಾತಾಡುವಾಗ ನಾನು ‘ಮೆಷಿನ್ ಲೈನ್’ ಎಂದಷ್ಟೇ ಹೇಳುತ್ತಿದ್ದೆ.

ಅಂಗಡಿಯಲ್ಲಿ ನಾವು ಮೂವರು: ಮಾಲೀಕ, ನಾನು ಮತ್ತು ಬ್ಯಾರಲ್, ಅಂದರೆ ಬಂದೂಕಿನ ನಳಿಗೆಯ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು. ಆಕೆ ಸೌತ್ ಕ್ಯಾರೊಲಿನಾದವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಬಸವರಾಜ ಎನ್ನಲು ನಾಲಿಗೆ ಹೊರಳದೆ ನನ್ನನ್ನು ಮಿಸ್ಟರ್ ಬಿ ಎನ್ನುತ್ತಿದ್ದರು. ನನ್ನ ಡಬ್ಬಿಯ, ಒಣಗಿಸಿ ಗಟ್ಟಿಯಾದ ಕಟಿ ರೊಟ್ಟಿಯನ್ನು ಬೆರಳಿನಿಂದ ತಟ್ಟಿ, “ಮಿಸ್ಟರ್ ಬಿ, ಇದನ್ನ ಟಾರ್ಗೆಟ್ ಹಿಂದೆ ನಿಲ್ಲಿಸಿದರೆ ಸ್ಲಗ್ ಕೂಡ ದಾಟಲ್ಲ” ಎಂದು ನಗುತ್ತಿದ್ದರು. ನಕ್ಕಾದ ಮೇಲೆ ಅರ್ಧ ಮುರಿದು ತಿನ್ನುತ್ತಿದ್ದರು. ಅವರ ತಾಯಿಗೆ ಕೈನಡುಕದ ಕಾಯಿಲೆ ಇತ್ತಂತೆ. ಒಂದು ದಿನ ಅದು ತಮಗೂ ಬರುತ್ತದೆ ಎಂಬ ಭಯ ಅವರ ನಗೆಯ ಹಿಂದೆ ಯಾವಾಗಲೂ ಇತ್ತು.

ಸ್ಲಗ್ ಎಂದರೇನೆಂದು ಹೇಳಬೇಕು. ಏರ್ ರೈಫಲ್‌ನ ಸಾಮಾನ್ಯ ಪೆಲೆಟ್ಟಿಗೆ ಡಮರುವಿನ ಹಾಗೆ ನಡು ಸಣ್ಣ. ಹಿಂಭಾಗಕ್ಕೆ ಗಾಳಿ ತಡೆದು ಅದು ತಾನಾಗಿ ನೇರ ಹೋಗುತ್ತದೆ. ಸ್ಲಗ್ ಬಂದೂಕಿನ ಗುಂಡಿನ ಆಕಾರದ ಗಟ್ಟಿ ಸೀಸ. ಬ್ಯಾರಲ್ ಒಳಗಿನ ಸುರುಳಿ ಗೀರುಗಳು ಅದನ್ನು ತಿರುಗಿಸಿ ಬಿಡುತ್ತವೆ, ಅದಕ್ಕೆ ಅಷ್ಟೇ ಆಧಾರ. ಆದ್ದರಿಂದ ಬ್ಯಾರಲ್ಲಿಗೆ ಸರಿಯಾಗಿ ಕೂರುವ ಅಳತೆಯ ಸ್ಲಗ್ ಹುಡುಕಬೇಕು. ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಬಿಡುವ ರೆಗ್ಯುಲೇಟರನ್ನು ಹೊಂದಿಸಬೇಕು. ವಾಲ್ವ್ ಬಡಿಯುವ ಹ್ಯಾಮರಿನ ಸ್ಪ್ರಿಂಗನ್ನು ಬಿಗಿಮಾಡುತ್ತ, ಸಡಿಲಿಸುತ್ತ ವೇಗ ಒಂದೇ ಸಮ ಬರುವಂತೆ ಮಾಡಬೇಕು. ಇದು ನನ್ನ ಕೆಲಸ. ಉಳಿದದ್ದು ಕ್ರೌನ್, ಅಂದರೆ ಬ್ಯಾರಲ್ ಬಾಯಿಯ ಅಂಚು. ಸ್ಲಗ್ ಕೊನೆಗೆ ಮುಟ್ಟಿ ಹೋಗುವುದು ಅದನ್ನೇ. ಅಲ್ಲಿ ಒಂದು ಕಡೆ ಕೂದಲೆಳೆಯಷ್ಟು ತಗ್ಗಿದ್ದರೂ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಸ್ಲಗ್ಗಿನ ಬುಡವನ್ನು ಓರೆ ಮಾಡುತ್ತದೆ. ಆ ಅಂಚನ್ನು ಕತ್ತರಿಸುವುದು ಆಕೆಯ ಕೆಲಸ. ಕಟರನ್ನು ಕೈಯಲ್ಲೇ ತಿರುಗಿಸುತ್ತಿದ್ದರು.

ಆ ವರ್ಷ ಅಕ್ಟೋಬರಿನಲ್ಲಿ ಒಬ್ಬ ಹಳೆಯ ಗಿರಾಕಿ ತನ್ನ ರೈಫಲ್ ತಂದ. ನಾರ್ತ್ ಕ್ಯಾರೊಲಿನಾದಲ್ಲಿ ನೂರು ಗಜದ ಸ್ಪರ್ಧೆಯಿತ್ತು. ಅವನ ಕ್ಲಬ್ಬಿನವರೆಲ್ಲ ನಮ್ಮ ಅಂಗಡಿಗೇ ಬರುತ್ತಿದ್ದುದರಿಂದ ಮಾಲೀಕ ಅವನ ಕೆಲಸವೆಂದರೆ ಮೈಯೆಲ್ಲ ಕಣ್ಣಾಗುತ್ತಿದ್ದ. ಗುರುವಾರ ಆಕೆ ಹೊಸ ಕ್ರೌನ್ ಕತ್ತರಿಸಿ ಕೊಟ್ಟರು, ನಾನು ಟ್ಯೂನ್ ಮುಗಿಸಿದೆ. ಶುಕ್ರವಾರ ಒಬ್ಬನೇ ರೇಂಜಿಗೆ ಹೋಗಿ ನೂರು ಗಜದಲ್ಲಿ ಐದು ಸ್ಲಗ್ ಹೊಡೆದೆ. ಐದೂ ತೂತುಗಳನ್ನು ಒಂದು ಕ್ವಾರ್ಟರ್ ನಾಣ್ಯ ಮುಚ್ಚಿತು.

ಇಲ್ಲಿ ಹಬ್ಬಗಳೆಲ್ಲ ವಾರಾಂತ್ಯಕ್ಕೆ ಸರಿಯುತ್ತವೆ. ಆಯುಧ ಪೂಜೆಯನ್ನು ನಾನು ಶನಿವಾರ ಸಂಜೆ, ಮಾಲೀಕ, ಆಕೆ ಇಬ್ಬರೂ ಹೋದ ಮೇಲೆ, ಅಂಗಡಿಯಲ್ಲೇ ಮಾಡಿದೆ. ಬೆಂಚಿನ ಹತ್ತಿರ ತಿನ್ನುವ ವಸ್ತು ತರಬಾರದೆಂದು ಮಾಲೀಕನ ಕಟ್ಟಪ್ಪಣೆಯಿತ್ತು, ಹಾಗಾಗಿ ಯಾರಿಗೂ ಹೇಳಲಿಲ್ಲ. ಹುಬ್ಬಳ್ಳಿಯಲ್ಲಿ ಲೇತಿನ ಟೂಲ್ ತುದಿಗೆ ನಿಂಬೆಹಣ್ಣು ಚುಚ್ಚುತ್ತಿದ್ದೆವು. ಹಾಗೆಯೇ, ಸ್ಟ್ಯಾಂಡಿನಲ್ಲಿ ನಿಂತಿದ್ದ ಆ ರೈಫಲ್ಲಿನ ಬಾಯಿಗೆ ಅರ್ಧ ನಿಂಬೆಹಣ್ಣು ಒತ್ತಿ ಕೂರಿಸಿದೆ. ಪೂಜೆಗಿಟ್ಟದ್ದನ್ನು ಮರುಪೂಜೆಯ ತನಕ ಮುಟ್ಟಬಾರದು. ಎರಡು ರಾತ್ರಿ ಹಾಗೇ ಇತ್ತು. ಹೊಸದಾಗಿ ಕತ್ತರಿಸಿದ ಉಕ್ಕಿಗೆ ಹುಳಿ ತಾಗಿದರೆ ಏನಾಗುತ್ತದೆಂದು ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು. ಕೈಮುಗಿದು ನಿಂತಾಗ ನೆನಪಾಗಲಿಲ್ಲ.

ಸೋಮವಾರ ಬೆಳಗ್ಗೆ ಹಣ್ಣು ತೆಗೆದಾಗ ಅಂಚಿನ ಸುತ್ತ ಕಂದು ಬಣ್ಣದ ಬಳೆ ಕೂತಿತ್ತು. ಗಿರಾಕಿ ಬರುವ ಹೊತ್ತು. ಗಾಬರಿಯಲ್ಲಿ ಪಾಲಿಶ್ ಪೇಸ್ಟನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ. ತುಕ್ಕು ಹೋಗಿ ಹೊಳಪು ಬಂತು. ಬೆರಳಿನಲ್ಲಿ ಉಜ್ಜಿದರೆ ಅಂಚು ಒಂದೇ ಸಮ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಮತ್ತೆ ಹೊಡೆದು ನೋಡದೆ ಕೊಟ್ಟು ಕಳಿಸಿದೆ. ಆಮೇಲೆ ಒಳಗೆ ಬಂದ ಆಕೆ ಮೂಗರಳಿಸಿ, ನಿಂಬೆ ವಾಸನೆ ಬರ್ತಿದೆಯಲ್ಲ, ನೆಲ ಒರೆಸಿದಿರಾ ಎಂದರು. ಹೌದೆಂದೆ.

ಸ್ಪರ್ಧೆ ಮುಗಿಸಿ ಗಿರಾಕಿ ರೈಫಲ್ ತಂದು ಬೆಂಚಿನ ಮೇಲೆ ಕುಕ್ಕಿದ. ಊಟದ ತಟ್ಟೆಯಷ್ಟು ಅಗಲಕ್ಕೆ ಹೊಡೆತಗಳು ಚೆದುರಿದ್ದವು. ಇನ್ನು ತನ್ನ ಕ್ಲಬ್ಬಿನ ಯಾರೂ ಇಲ್ಲಿಗೆ ಬರುವುದಿಲ್ಲವೆಂದು ಹೇಳಿ ಹೋದ. ಮಾಲೀಕ ಭೂತಗನ್ನಡಿಯಲ್ಲಿ ಕ್ರೌನ್ ನೋಡಿ ನನ್ನ ಕಡೆ ತಿರುಗಿದ.

“ಶುಕ್ರವಾರ ನೂರು ಗಜದಲ್ಲಿ ಹೇಗಿತ್ತು?”

“ಐವತ್ತು ಗಜದಲ್ಲಿ ಮಾತ್ರ ಹೊಡೆದಿದ್ದೆ” ಎಂದೆ.

ಐವತ್ತು ಗಜದಲ್ಲಿ ಇಂಥ ದೋಷ ಎದ್ದು ಕಾಣುವುದಿಲ್ಲ. ಆ ಒಂದು ಮಾತಿನಿಂದ ತಪ್ಪು ಗುರುವಾರದ ಕಡೆಗೆ, ಆಕೆಯ ಕಟರಿನ ಕಡೆಗೆ ಹೋಯಿತು. ಆಕೆ ಭೂತಗನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅಂಚು ಅಲೆಅಲೆಯಾಗಿತ್ತು, ಕಟರ್ ನಡುಗಿದಾಗ ಆಗುವ ಹಾಗೆ.

“ಮಿಸ್ಟರ್ ಬಿ ಟ್ಯೂನಿಂಗ್‌ನಲ್ಲಿ ತಪ್ಪಿಲ್ಲ, ಸ್ಲಗ್ಗಿನ ವೇಗ ಒಂದೇ ಸಮ ಬಂದದ್ದನ್ನ ನಾನೇ ನೋಡಿದೀನಿ. ಇದು ನನ್ನ ಕೈ” ಎಂದರು. ಆಮೇಲೆ ಬಲಗೈಯನ್ನು ಚಾಚಿ, ಬೇರೆ ಯಾರದೋ ಎನ್ನುವಂತೆ ನೋಡುತ್ತ ಕೂತರು.

ಅಂದು ಮನೆಯಲ್ಲಿ ಎಲ್ಲ ಹೇಳಿ, ನಾಳೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ. ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. “ಏನಂತ ಹೇಳ್ತೀರಿ? ಪೂಜಿ ಮಾಡಿದ್ದಕ್ಕ ಕೆಟ್ಟಿತು ಅಂತನ? ಆ ಮಂದಿ ದೇವರಿಗೆ ನಗ್ತಾರ. ನಿಮ್ಮ ಕೆಲಸಾನೂ ಹೋಗ್ತದ. ಈ ವಯಸ್ಸಿನ್ಯಾಗ ನಿಮ್ಮನ್ನ ಯಾರು ಕರೀತಾರ?” ಅವಳ ಮೇಲೆ ಹೊರಿಸುವುದಿಲ್ಲ. ನನಗೆ ಬೇಕಾಗಿದ್ದ ಮಾತನ್ನೇ ಅವಳು ಆಡಿದಳು.

ಡಾಕ್ಟರು ಏನೂ ಇಲ್ಲವೆಂದರೂ ಆಕೆ ನಂಬಲಿಲ್ಲ. ಕಟರ್ ಹಿಡಿದರೆ ಭಯಕ್ಕೇ ಕೈ ಬಿಗಿಯುತ್ತಿತ್ತು. ಬೇರೆ ಕೆಲಸ ಕೊಡಲು ಅಷ್ಟು ಸಣ್ಣ ಅಂಗಡಿಯಲ್ಲಿ ಏನೂ ಇರಲಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲೇ ಕೆಲಸ ಬಿಟ್ಟರು. ಹೋಗುವಾಗ ತಮ್ಮ ಭೂತಗನ್ನಡಿಯನ್ನು ನನ್ನ ಬೆಂಚಿನ ಮೇಲಿಟ್ಟು, “ನನಗಿನ್ನು ಬೇಡ, ನಿಮ್ಮ ಕೈ ಇನ್ನೂ ಗಟ್ಟಿ ಇದೆ” ಎಂದರು. ಅದನ್ನು ತೆಗೆದುಕೊಂಡೆ. ನಿವೃತ್ತನಾಗುವ ತನಕ ಅದರಲ್ಲೇ ಕೆಲಸ ಮಾಡಿದೆ.

ಕೆಲವು ವರ್ಷಗಳ ನಂತರ ಒಂದು ದೊಡ್ಡ ಸ್ಟೋರಿನ ಬಾಗಿಲಲ್ಲಿ ಆಕೆ ಸಿಕ್ಕರು. ಹೊರಹೋಗುವವರ ರಸೀದಿ ನೋಡುವ ಕೆಲಸ. ಆ ಟಾರ್ಗೆಟ್ ರೊಟ್ಟಿ ಈಗಲೂ ತಿನ್ನುತ್ತೀರಾ ಎಂದು ಕೇಳಿದರು. ನನ್ನ ರಸೀದಿಯ ಮೇಲೆ ಮಾರ್ಕರಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಗೆರೆ ನೇರವಾಗಿತ್ತು. ಹಿಂದೆ ಸಾಲು ನಿಂತಿತ್ತು. ನಾನು ಕಾರ್ಟ್ ತಳ್ಳಿಕೊಂಡು ಹೊರಟುಬಿಟ್ಟೆ. 2019ರಲ್ಲಿ ನನ್ನ ಕೊನೆಯ ದಿನ, ಆಕೆ ಊರಿಗೆ ಹಿಂತಿರುಗಿ ತೀರಿಕೊಂಡರೆಂದು ಮಾಲೀಕನಿಂದ ತಿಳಿಯಿತು.

ಗುರಿ ತಪ್ಪಿದ ರೈಫಲ್ ಬೆಂಚಿಗೆ ಬಂದರೆ, ಅದನ್ನು ಕೊನೆಗೆ ಮುಟ್ಟಿದವರು ಯಾರು, ಏನು ಮಾಡಿದರು ಎಂದು ಮೊದಲು ಕೇಳಬೇಕು. ಉಳಿದ ಪರೀಕ್ಷೆಯೆಲ್ಲ ಆಮೇಲೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಎಷ್ಟೋ ರೈಫಲ್‌ಗಳ ವಿಷಯದಲ್ಲಿ ಕೇಳಿದ್ದೇನೆ, ಆ ಒಂದನ್ನು ಬಿಟ್ಟು. ಅದನ್ನು ಕೊನೆಗೆ ಮುಟ್ಟಿದವನು ನಾನು. ನಿಮ್ಮ ಕೈ ನಡುಗಿರಲಿಲ್ಲ, ಅರ್ಲೀನ್.